ಶುಗರ್ ಜೊತೆ ಥೈರಾಯ್ಡ್ ಸೇರಿದಾಗ: ಡೋಸ್ ಏರಿಸುವ ಮುನ್ನ ಬೆಳಗಿನ ಮಾತ್ರೆಗಳ ಕ್ರಮ ನೋಡಿ

ಪ್ರಶ್ನೆ: ನನಗೆ 54 ವರ್ಷ, ತೂಕ 66 ಕೆ.ಜಿ., ಹಾಸನ ಜಿಲ್ಲೆಯವಳು. ಒಂಬತ್ತು ವರ್ಷದಿಂದ ಟೈಪ್ 2 ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ 10 ತೆಗೆದುಕೊಳ್ಳುತ್ತಿದ್ದೆ. ಏಳೆಂಟು ತಿಂಗಳಿಂದ ವಿಪರೀತ ಸುಸ್ತು, ಮಲಬದ್ಧತೆ, ಬೆಳಗ್ಗೆ ಮುಖ ಊದಿದ ಹಾಗಿರುತ್ತದೆ, ತೂಕ 4 ಕೆ.ಜಿ. ಹೆಚ್ಚಿದೆ. ಎಚ್‌ಬಿಎ1ಸಿ 7.1 ಇದ್ದದ್ದು 7.7 ಆಯಿತು, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 96ರಿಂದ 148ಕ್ಕೆ ಹೋಯಿತು. ಮನೆಯ ಮೀಟರಿನಲ್ಲಿ ಮಾತ್ರ ಮೊದಲಿನಂತೆಯೇ ಖಾಲಿ ಹೊಟ್ಟೆಗೆ 115–125, ಊಟವಾದ ಎರಡು ಗಂಟೆಗೆ 160ರ ಆಸುಪಾಸು. ಆದರೂ ಗ್ಲಿಮೆಪಿರೈಡ್ 2 ಮಾಡಿದರು. ಆಮೇಲೆ ಎರಡು ಸಲ ತಿಂಡಿಗೆ ಮೊದಲು ಬೆವರಿ, ಕೈ ನಡುಗಿ, ನೋಡಿದರೆ 62 ಮತ್ತು 58 ಇತ್ತು. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 14.2, ಫ್ರೀ ಟಿ4 ಕಡಿಮೆ, ಆಂಟಿ ಟಿಪಿಒ ಪಾಸಿಟಿವ್ ಬಂತು. ಥೈರಾಕ್ಸಿನ್ 50 ಶುರು ಮಾಡಿ ಎರಡು ತಿಂಗಳಾದರೂ ಟಿಎಸ್‌ಎಚ್ 9.6 ಇದೆ. 75 ಮಾಡೋಣ ಎನ್ನುತ್ತಿದ್ದಾರೆ.

ಬೆಳಗ್ಗೆ ಆರಕ್ಕೆ ಎದ್ದ ಕೂಡಲೇ ನೆನೆಸಿಟ್ಟ ಮೆಂತ್ಯವನ್ನು ನೀರಿನ ಸಮೇತ ತೆಗೆದುಕೊಳ್ಳುತ್ತೇನೆ. ಅದರ ಹಿಂದೆಯೇ ಥೈರಾಯ್ಡ್ ಮಾತ್ರೆ, ಗ್ಯಾಸಿನ ಮಾತ್ರೆ, ಶುಗರ್ ಮಾತ್ರೆ ಎಲ್ಲ ಒಟ್ಟಿಗೆ. ಹತ್ತು ನಿಮಿಷ ಬಿಟ್ಟು ಕಾಫಿ. ಆರೂಮುಕ್ಕಾಲಿಗೆ ಒಂದು ಲೋಟ ರಾಗಿ ಗಂಜಿ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ತಿಂಡಿ ಒಂಬತ್ತೂವರೆಗೆ. ಶುಗರ್ ಮಾತ್ರೆಯಿಂದಲೇ ನನಗೆ ಥೈರಾಯ್ಡ್ ಬಂತೇ? ಪಕ್ಕದ ಮನೆಯವರು ಎಲೆಕೋಸು, ರಾಗಿ ಬಿಟ್ಟು ಸೈಂಧವ ಲವಣ ಬಳಸಿ ಎನ್ನುತ್ತಾರೆ. ಈ ಮಾತ್ರೆ ಜೀವನವಿಡೀ ಬೇಕೇ? ನನ್ನ ತಂಗಿಯ ಮಗಳಿಗೆ 14 ವರ್ಷ, ಮೂರು ವರ್ಷದಿಂದ ಇನ್ಸುಲಿನ್ ಮೇಲಿದ್ದಾಳೆ. ಅವಳಿಗೂ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾವುದರ ಜೊತೆ ಎಂದು ಬಿಡಿಸಿ ಬರೆದಿದ್ದೀರಿ. ಉತ್ತರದ ಅರ್ಧ ಭಾಗ ಆ ಸಾಲುಗಳಲ್ಲೇ ಇದೆ. ಮಾತ್ರೆ ತೆಗೆದುಕೊಂಡರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಟಿ4 ಕಡಿಮೆಯಾದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹೆಚ್ಚು ಬಿಡುವ ಹಾರ್ಮೋನ್) ಸಾಕಷ್ಟು ಇಳಿಯುತ್ತಿಲ್ಲ, ಶುಗರ್ ರಿಪೋರ್ಟಿನಲ್ಲಿ ಏರಿದೆ, ಮೈಯಲ್ಲಿ ಇಳಿಯುತ್ತಿದೆ, ಎರಡೂ ಕಾಯಿಲೆಗೆ ಡೋಸ್ ಏರುತ್ತಲೇ ಹೋಗುತ್ತದೋ ಏನೋ ಎಂಬುದು ನಿಮ್ಮ ಆತಂಕ. ಬಿಡಿಬಿಡಿಯಾಗಿ ನೋಡಿದರೆ ಈ ಅಂಕಿಗಳು ಗೊಂದಲ ಹುಟ್ಟಿಸುತ್ತವೆ. ಥೈರಾಯ್ಡ್ ಕಡಿಮೆಯಾದಾಗ ಸಕ್ಕರೆಯ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ತಿಳಿದು ನೋಡಿದರೆ ಎಲ್ಲವೂ ಒಂದೇ ಕಥೆ ಹೇಳುತ್ತವೆ.

ಮೊದಲು 62 ಮತ್ತು 58ರ ವಿಚಾರ

ಟಿಎಸ್‌ಎಚ್ 9.6 ಇರುವುದು ಇನ್ನು ಕೆಲವು ವಾರ ಕಾಯಬಲ್ಲ ವಿಷಯ. ಶುಗರ್ 58ಕ್ಕೆ ಇಳಿದದ್ದು ಕಾಯುವ ವಿಷಯವಲ್ಲ. ಈ ವಾರವೇ ನಿಮ್ಮ ವೈದ್ಯರಿಗೆ ಆ ಎರಡು ರೀಡಿಂಗನ್ನು ದಿನಾಂಕ, ಗಂಟೆ ಸಮೇತ ತೋರಿಸಿ.

ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಬಿಡಿಸುವ ಮಾತ್ರೆ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಆರಕ್ಕೆ ನುಂಗಿ, ನಡುವೆ ತೆಳುವಾದ ಗಂಜಿ ಕುಡಿದು, ಒಂಬತ್ತೂವರೆಗೆ ತಿಂಡಿ ತಿಂದರೆ ಮಾತ್ರೆಯ ಜೋರು ಹೆಚ್ಚಿರುವ ಹೊತ್ತಿನಲ್ಲೇ ಹೊಟ್ಟೆ ಖಾಲಿ ಇರುತ್ತದೆ. ಈ ಮಾತ್ರೆಯ ಜಾಗ ತಿಂಡಿಯ ತಟ್ಟೆ ಎದುರಿಗೆ ಬಂದ ಹೊತ್ತು, ಮೊದಲ ತುತ್ತಿಗೆ ಸ್ವಲ್ಪ ಮುಂಚೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಎಂದು ಹೇಳಿದಾಗ ಎಷ್ಟೋ ಮಂದಿ ಬೆಳಗಿನ ಮಾತ್ರೆಗಳನ್ನೆಲ್ಲ ಅದರ ಜೊತೆಗೇ ಸೇರಿಸಿಬಿಡುತ್ತಾರೆ. ಶುಗರ್ ಕುಸಿಯುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ, ಆದರೆ ಯಾರೂ ಕೇಳಿ ತಿಳಿಯುವುದಿಲ್ಲ.

ಇದಲ್ಲದೆ ಥೈರಾಯ್ಡ್ ಕಡಿಮೆಯಾದಾಗ ಶುಗರ್ ಇಳಿಯುವ ಕಡೆಗೇ ವಾಲುತ್ತದೆ. ಯಕೃತ್ತು ರಾತ್ರಿ ಮತ್ತು ಉಪವಾಸದ ಹೊತ್ತಿನಲ್ಲಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದು ನಿಧಾನವಾಗುತ್ತದೆ. ಕರುಳು ಸಕ್ಕರೆ ಹೀರುವುದು ತಡವಾಗುತ್ತದೆ. ಹಸಿವು ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇನ್ಸುಲಿನ್ ದೇಹದಿಂದ ಬೇಗ ಹೊರಹೋಗುವುದಿಲ್ಲ, ಹೆಚ್ಚು ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ಅಂಥ ಸಮಯದಲ್ಲಿ ಗ್ಲಿಮೆಪಿರೈಡ್ ಇಮ್ಮಡಿಯಾಯಿತು.

ಸದ್ಯಕ್ಕೆ ಎರಡು ದಾರಿ ಇವೆ. ಗ್ಲಿಮೆಪಿರೈಡನ್ನು ಮತ್ತೆ 1ಕ್ಕೆ ಇಳಿಸುವುದು, ಇಲ್ಲವೇ ಅದನ್ನು ಬಿಟ್ಟು ಗ್ಲಿಪ್ಟಿನ್ ಗುಂಪಿನ ಮಾತ್ರೆಗೆ ಹೋಗುವುದು. ಮೊದಲನೆಯದು ಅಗ್ಗ, ಆದರೆ ತಿಂಡಿ ತಡವಾದ ದಿನ ಕುಸಿಯುವ ಅಪಾಯ ಉಳಿಯುತ್ತದೆ. ಎರಡನೆಯದರಲ್ಲಿ, ಮೆಟ್‌ಫಾರ್ಮಿನ್ ಜೊತೆಗಾದರೆ, ಆ ಅಪಾಯ ತೀರಾ ಕಡಿಮೆ. ಶುಗರ್ ಇಳಿಸುವ ಶಕ್ತಿ ಮಾತ್ರ ತುಸು ಸೌಮ್ಯ. ನಿಮ್ಮ ಮನೆಯ ರೀಡಿಂಗ್ ನೋಡಿದರೆ ಆ ಸೌಮ್ಯ ಮಾತ್ರೆಯೇ ಸಾಕಾಗಬಹುದು ಎನಿಸುತ್ತದೆ. ವೈದ್ಯರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಅವರು ಸಿಗುವವರೆಗೆ ಮಾತ್ರೆಯನ್ನು ತಿಂಡಿಯ ಹೊತ್ತಿಗೆ ಸರಿಸಿ, ತಿಂಡಿಯನ್ನು ಎಂಟಕ್ಕೆ ತನ್ನಿ.

ಮತ್ತೆ ನಡುಕ, ಬೆವರು ಬಂದು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ ಮೂರು ಟೀ ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಸರಿಹೋದ ಮೇಲೆ ಏನಾದರೂ ತಿನ್ನಲೇಬೇಕು, ಏಕೆಂದರೆ ಗ್ಲಿಮೆಪಿರೈಡಿನ ಪ್ರಭಾವ ಗಂಟೆಗಟ್ಟಲೆ ಇರುತ್ತದೆ. ಚಾಕೊಲೇಟ್, ಬಿಸ್ಕತ್ತು ಈ ಹೊತ್ತಿಗೆ ನಿಧಾನ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಹೋಗಬೇಕು. ಇದನ್ನು ಮನೆಯವರಿಗೂ ಹೇಳಿಟ್ಟಿರಿ.

ಮೀಟರ್ ಒಂದು ಹೇಳುತ್ತದೆ, ಎಚ್‌ಬಿಎ1ಸಿ ಇನ್ನೊಂದು

ಎಚ್‌ಬಿಎ1ಸಿ 7.7 ಎಂದರೆ ಮೂರು ತಿಂಗಳ ಸರಾಸರಿ ಶುಗರ್ ಸುಮಾರು 174 ಎಂದು ಲೆಕ್ಕ. ನಿಮ್ಮ ಮೀಟರಿನ ಅಂಕಿಗಳಿಗೆ ಇದು ಹೊಂದುವುದಿಲ್ಲ. ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುವ ಪರೀಕ್ಷೆ ಇದು. ಕಣ ಎಷ್ಟು ದಿನ ಹಳೆಯದೋ ಅಷ್ಟು ಹೆಚ್ಚು ಸಕ್ಕರೆ ಅಂಟಿರುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಮೂಳೆಮಜ್ಜೆ ಹೊಸ ಕಣ ತಯಾರಿಸುವುದು ನಿಧಾನವಾಗಿ ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹೀಗಾಗಿ ಶುಗರ್ ಏರದೆಯೂ ಎಚ್‌ಬಿಎ1ಸಿ ತುಸು ಏರುತ್ತದೆ. ಕಬ್ಬಿಣಾಂಶದ ಕೊರತೆಯೂ ಇದನ್ನೇ ಮಾಡುತ್ತದೆ.

ಏರಿದ 0.6 ಅಂಶವೆಲ್ಲ ಥೈರಾಯ್ಡಿನದೇ ಎಂದು ನಾನು ಹೇಳುವುದಿಲ್ಲ. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಒಮ್ಮೆ ನೋಡಿಸಿ. ಟಿಎಸ್‌ಎಚ್ ಸರಿಹೋಗಿ ಮೂರು ತಿಂಗಳಾಗುವವರೆಗೆ ಎಚ್‌ಬಿಎ1ಸಿ ಒಂದನ್ನೇ ನಂಬಿ ಶುಗರ್ ಮಾತ್ರೆ ಏರಿಸಬಾರದು. ಅಲ್ಲಿಯವರೆಗೆ ನಿಮ್ಮ ಮೀಟರೇ ಆಧಾರ. ವಾರದಲ್ಲಿ ಮೂರು ದಿನ ಖಾಲಿ ಹೊಟ್ಟೆಯದು, ಯಾವುದಾದರೂ ಒಂದು ಊಟದ ಎರಡು ಗಂಟೆ ನಂತರದ್ದು ಬರೆದಿಡಿ. ಥೈರಾಕ್ಸಿನ್ ಹಿಡಿತಕ್ಕೆ ಬರುತ್ತಿದ್ದಂತೆ ಯಕೃತ್ತು ಚುರುಕಾಗಿ ಶುಗರ್ ಸ್ವಲ್ಪ ಮೇಲೆ ಬರಬಹುದು. ಬಂದರೆ ಗಾಬರಿಯಾಗಬೇಡಿ, ಆಗ ಶುಗರ್ ಮಾತ್ರೆಯನ್ನು ಹೊಂದಿಸಿಕೊಳ್ಳಬಹುದು. ಅನುಕೂಲವಿದ್ದರೆ ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಇಂಥ ಸಂದರ್ಭದಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ.

ಯಾವುದರಿಂದ ಬಂತು, ಯಾವುದರಿಂದ ಬರಲಿಲ್ಲ

ಮೆಟ್‌ಫಾರ್ಮಿನ್‌ನಿಂದ ಥೈರಾಯ್ಡ್ ಕಾಯಿಲೆ ಬರುವುದಿಲ್ಲ. ಥೈರಾಯ್ಡ್ ಕಡಿಮೆ ಇರುವವರಲ್ಲಿ ಮೆಟ್‌ಫಾರ್ಮಿನ್ ಟಿಎಸ್‌ಎಚ್ ಅಂಕಿಯನ್ನು ತುಸು ಕೆಳಗೆ ತರುವುದು ಕಂಡುಬಂದಿದೆ, ಟಿ4 ಮಾತ್ರ ಇದ್ದಲ್ಲೇ ಇರುತ್ತದೆ. ಗ್ಲಿಮೆಪಿರೈಡ್ ಕೂಡ ಕಾರಣವಲ್ಲ.

ಆಂಟಿ ಟಿಪಿಒ, ಅಂದರೆ ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಆಂಟಿಬಾಡಿ, ಪಾಸಿಟಿವ್ ಬಂದಿರುವುದರಿಂದ ನಿಮ್ಮದು ಹಾಶಿಮೊಟೊ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದು ವರ್ಷಗಟ್ಟಲೆ ನಿಧಾನವಾಗಿ ಅದನ್ನು ಸವೆಸುತ್ತದೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ಮೊದಲು ವಿವರಿಸಿದರು. ಟೈಪ್ 1 ಸಕ್ಕರೆ ಕಾಯಿಲೆಯೂ ಇದೇ ಜಾತಿಯದು, ಹಾಗಾಗಿ ಅಲ್ಲಿ ಎರಡಕ್ಕೂ ನೇರ ನಂಟಿದೆ. ಟೈಪ್ 2ರಲ್ಲಿ ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನಲು ಬರುವುದಿಲ್ಲ. ಐವತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಎರಡೂ ಸಾಮಾನ್ಯ, ಒಬ್ಬರಲ್ಲೇ ಸೇರುವುದೂ ಸಾಮಾನ್ಯ. ಆಂಟಿ ಟಿಪಿಒ ಪರೀಕ್ಷೆ ಒಮ್ಮೆ ಮಾಡಿದರೆ ಸಾಕು. ಅದರ ಅಂಕಿ ಏರಿತೇ ಇಳಿಯಿತೇ ಎಂದು ವರ್ಷವರ್ಷ ದುಡ್ಡು ಕೊಟ್ಟು ನೋಡುವುದರಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಎಲೆಕೋಸು, ಹೂಕೋಸು ಬೇಯಿಸಿ ತಿನ್ನಿ, ಏನೂ ಆಗುವುದಿಲ್ಲ. ಇವುಗಳಲ್ಲಿರುವ ಕೆಲವು ಅಂಶಗಳು ಗ್ರಂಥಿ ಅಯೋಡಿನ್ ಬಳಸುವುದಕ್ಕೆ ಅಡ್ಡಿ ಮಾಡುತ್ತವೆ ನಿಜ. ಬೇಯಿಸಿದಾಗ ಅವು ಬಹುಪಾಲು ತಗ್ಗುತ್ತವೆ. ಸಿರಿಧಾನ್ಯಗಳ ಬಗ್ಗೆ ಹಬ್ಬಿರುವ ಹೆದರಿಕೆಗೆ ಮೂಲ ಸಜ್ಜೆ. ಅಯೋಡಿನ್ ಕೊರತೆಯಿರುವ ಸೀಮೆಗಳಲ್ಲಿ ಅದನ್ನೇ ಮುಖ್ಯ ಆಹಾರ ಮಾಡಿಕೊಂಡವರಲ್ಲಿ ಗಳಗಂಡ ಹೆಚ್ಚಿತ್ತು. ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ದಿನಕ್ಕೊಂದು ರಾಗಿ ಮುದ್ದೆಗೆ ಈ ಮಾತು ಅನ್ವಯಿಸುವುದಿಲ್ಲ. ನಿಮಗೆ ಬೇಕಾದ ಹಾರ್ಮೋನ್ ಈಗ ಮಾತ್ರೆಯಿಂದ ಬರುತ್ತಿದೆ, ಅದನ್ನು ಯಾವ ಕೋಸೂ ತಡೆಯಲಾರದು. ರಾಗಿಯಿಂದ ನಿಮಗಾಗುತ್ತಿರುವ ತೊಂದರೆ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ಸೈಂಧವ ಲವಣದ ಸಲಹೆಯನ್ನು ಮಾತ್ರ ಖಂಡಿತ ಕೇಳಬೇಡಿ. ಅದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ, ಸೋಡಿಯಂ ಮಾತ್ರ ಅಷ್ಟೇ ಇರುತ್ತದೆ. ನಮ್ಮ ಮಲೆನಾಡು, ಕೊಡಗಿನ ಕಡೆ ಕುತ್ತಿಗೆ ಊದಿದವರು ಒಂದು ಕಾಲದಲ್ಲಿ ಊರೂರಲ್ಲಿ ಕಾಣುತ್ತಿದ್ದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮುಂದೆ ಅಯೋಡಿನ್ ಉಪ್ಪು ಎಲ್ಲ ಕಡೆ ಸಿಗುವಂತಾದ ಮೇಲೆ ಅದು ಕಡಿಮೆಯಾಯಿತು. ನೀವೊಬ್ಬರೇ ಆದರೆ ಮಾತ್ರೆ ಇದೆ. ಅದೇ ಅಡುಗೆ ಉಣ್ಣುವ ಮನೆಯ ಮಕ್ಕಳಿಗೆ, ಬಸುರಿ ಸೊಸೆಗೆ ಏನು ಗತಿ? ಹಾಗೆಯೇ ‘ಥೈರಾಯ್ಡ್ ಗುಣವಾಗುತ್ತದೆ’ ಎಂದು ಮಾರುವ ಸಮುದ್ರಪಾಚಿಯ ಪುಡಿ, ಅಯೋಡಿನ್ ಹನಿಗಳಿಂದ ದೂರವಿರಿ. ಹಾಶಿಮೊಟೊ ಇರುವ ಗ್ರಂಥಿಗೆ ಮಿತಿಮೀರಿದ ಅಯೋಡಿನ್ ಇನ್ನಷ್ಟು ಪೆಟ್ಟು ಕೊಡುತ್ತದೆ.

ಜೀವನವಿಡೀ ಮಾತ್ರೆ ಬೇಕೇ ಎಂದು ಕೇಳಿದ್ದೀರಿ. ಟಿಎಸ್‌ಎಚ್ 14, ಟಿ4 ಕಡಿಮೆ, ಆಂಟಿಬಾಡಿ ಪಾಸಿಟಿವ್ ಈ ಮೂರೂ ಸೇರಿದಾಗ ಹೆಚ್ಚೂಕಡಿಮೆ ಬೇಕೇ ಬೇಕು. ಥೈರಾಕ್ಸಿನ್ ಎಂಬುದು ಗ್ರಂಥಿ ತಯಾರಿಸುತ್ತಿದ್ದ ಅದೇ ಹಾರ್ಮೋನ್, ಸರಿಯಾದ ಅಳತೆಯಲ್ಲಿ ಎಷ್ಟು ವರ್ಷ ತೆಗೆದುಕೊಂಡರೂ ಕಿಡ್ನಿ, ಲಿವರ್ ಕೆಡುವುದಿಲ್ಲ. ಇದೇ ಮಾತನ್ನು ಎಲ್ಲರಿಗೂ ಹೇಳಲಾಗದು. ಟಿಎಸ್‌ಎಚ್ 6, 7 ಇದ್ದು ಟಿ4 ಸರಿಯಿರುವ ಎಪ್ಪತ್ತರ ಹಿರಿಯರಿಗೆ ಮಾತ್ರೆ ಬೇಕಾಗಿಯೇ ಇರಲಿಕ್ಕಿಲ್ಲ. 65 ದಾಟಿದ ಇಂಥವರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಥೈರಾಕ್ಸಿನ್ ಕೊಟ್ಟವರ ಸುಸ್ತು, ಕೊಡದವರ ಸುಸ್ತಿಗಿಂತ ಕಡಿಮೆಯಾಗಲಿಲ್ಲ. ಶುಗರ್ ಇರುವ ಹಿರಿಯರಿಗೆ ಬರೀ ಆ ಅಂಕಿ ನೋಡಿ ಮಾತ್ರೆ ಬರೆಯುವುದು ಇಂದಿಗೂ ಹೆಚ್ಚಾಗಿಯೇ ಇದೆ.

ಆರು ಗಂಟೆಯಿಂದ ಒಂಬತ್ತೂವರೆವರೆಗೆ

ನಿಮ್ಮ ಟಿಎಸ್‌ಎಚ್ ಏಕೆ ಸಾಕಷ್ಟು ಇಳಿಯಲಿಲ್ಲ ಎಂಬುದಕ್ಕೆ ಬರೋಣ. ಥೈರಾಕ್ಸಿನ್ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಜಠರದಲ್ಲಿ ಆಮ್ಲ ಸರಿಯಾಗಿದ್ದಾಗ. 50 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಇಪ್ಪತ್ತು ಸಾವಿರದಲ್ಲೊಂದು ಭಾಗ. ಅಷ್ಟು ಚಿಕ್ಕ ಪ್ರಮಾಣದಲ್ಲಿ ಸ್ವಲ್ಪ ಅಡ್ಡಿಯಾದರೂ ಟಿಎಸ್‌ಎಚ್ ಅಂಕಿಯಲ್ಲಿ ಕಾಣಿಸುತ್ತದೆ. ನಿಮ್ಮ ಬೆಳಗಿನಲ್ಲಿ ಐದು ಅಡ್ಡಿಗಳಿವೆ.

ನೆನೆದ ಮೆಂತ್ಯ ಲೋಳೆಯಂತಾಗುತ್ತದಲ್ಲ, ಆ ನಾರಿನಂಶವೇ ಶುಗರಿಗೆ ಒಳ್ಳೆಯದು ಮಾಡುವುದು. ಅದೇ ನಾರು ಮಾತ್ರೆಯನ್ನೂ ಹಿಡಿದುಕೊಳ್ಳುತ್ತದೆ. ಮಲಬದ್ಧತೆಗೆಂದು ಇಸಬ್‌ಗೋಲ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಹತ್ತು ನಿಮಿಷಕ್ಕೆ ಕುಡಿಯುವ ಕಾಫಿ ಮಾತ್ರೆ ಹೀರುವುದನ್ನು ಚೆನ್ನಾಗಿಯೇ ತಗ್ಗಿಸುತ್ತದೆ, ಹಾಲು ಹಾಕಿದರೂ ಹಾಕದಿದ್ದರೂ. ಗ್ಯಾಸಿನ ಮಾತ್ರೆ ಎಂದರೆ ಬಹುಶಃ ಪ್ಯಾಂಟೊಪ್ರಜೋಲ್. ಅದು ಆಮ್ಲ ಇಳಿಸುವುದರಿಂದ ಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಅದರ ಮೇಲೆ ಕ್ಯಾಲ್ಸಿಯಂ ಮಾತ್ರೆ. ಕ್ಯಾಲ್ಸಿಯಂ ಥೈರಾಕ್ಸಿನ್ ಜೊತೆ ಅಂಟಿಕೊಂಡು ಮಲದಲ್ಲಿ ಹೊರಹೋಗುತ್ತದೆ. ಕಬ್ಬಿಣದ ಮಾತ್ರೆಯೂ ಹಾಗೆಯೇ. ಕಾಗದದ ಮೇಲೆ ನಿಮ್ಮ ಡೋಸ್ 50, ರಕ್ತಕ್ಕೆ ಸೇರುತ್ತಿರುವುದು ಅದಕ್ಕಿಂತ ಎಷ್ಟೋ ಕಡಿಮೆ.

ಬದಲಾವಣೆ ಹೀಗಿರಲಿ. ಆರಕ್ಕೆ ಎದ್ದು ಥೈರಾಕ್ಸಿನ್ ಒಂದನ್ನೇ, ಒಂದು ಲೋಟ ಬರೀ ನೀರಿನ ಜೊತೆ. ಆಮೇಲೆ ವಾಕಿಂಗ್ ಹೋಗಿ ಬನ್ನಿ. ಗ್ಲಿಮೆಪಿರೈಡ್ ಇನ್ನೂ ಹೊಟ್ಟೆಗೆ ಬಿದ್ದಿಲ್ಲವಾದ್ದರಿಂದ ನಡಿಗೆಯಲ್ಲಿ ಶುಗರ್ ಕುಸಿಯುವ ಹೆದರಿಕೆಯೂ ಕಡಿಮೆ. ಏಳಕ್ಕೆ ಕಾಫಿ. ಗ್ಯಾಸಿನ ಮಾತ್ರೆ ನಿಜವಾಗಿ ಬೇಕೇ ಎಂದು ಮೊದಲು ವೈದ್ಯರನ್ನು ಕೇಳಿ, ವರ್ಷಗಟ್ಟಲೆ ಅಭ್ಯಾಸದಿಂದ ನಡೆಯುತ್ತಿರುವುದೇ ಹೆಚ್ಚು. ಬೇಕೆಂದಾದರೆ ಏಳೂವರೆಗೆ. ಎಂಟಕ್ಕೆ ತಿಂಡಿ, ಅದಕ್ಕೆ ಕೂತಾಗ ಗ್ಲಿಮೆಪಿರೈಡ್, ತಿಂದ ಮೇಲೆ ಮೆಟ್‌ಫಾರ್ಮಿನ್. ರಾಗಿ ಗಂಜಿ ಹನ್ನೊಂದಕ್ಕೆ ಹೋಗಲಿ. ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನದ ಊಟದ ಜೊತೆ. ಅದಕ್ಕೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆ ಅಂತರ ಬೇಕು, ಊಟದ ಜೊತೆ ಕ್ಯಾಲ್ಸಿಯಂ ಹೀರುವುದೂ ಚೆನ್ನ. ಮೆಂತ್ಯವನ್ನು ರಾತ್ರಿ ಊಟಕ್ಕೆ ಮೊದಲು ತೆಗೆದುಕೊಳ್ಳಿ, ಅದರ ಗುಣ ಬೆಳಗ್ಗೆಯೇ ಆಗಬೇಕೆಂದೇನೂ ಇಲ್ಲ.

ಇದು ನಿಮ್ಮ ಮನೆಯ ಕೆಲಸಕ್ಕೆ ಹೊಂದದಿದ್ದರೆ ಥೈರಾಕ್ಸಿನ್ ಮಾತ್ರೆಯೊಂದನ್ನು ರಾತ್ರಿಗೆ ಹಾಕಿಕೊಳ್ಳಬಹುದು. ಊಟವಾಗಿ ಕನಿಷ್ಠ ಮೂರು ಗಂಟೆ ಆಗಿರಬೇಕು, ನಡುವೆ ಹಾಲು, ಹಣ್ಣು, ಇಸಬ್‌ಗೋಲ್ ಯಾವುದೂ ಕೂಡದು. ಎಂಟಕ್ಕೆ ಉಂಡು ಹನ್ನೊಂದಕ್ಕೆ ಮಲಗುವವರಿಗೆ ಇದು ಒಗ್ಗುತ್ತದೆ. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವ ಮನೆಯಲ್ಲಿ ಬೆಳಗಿನ ಪಾಡೇ ರಾತ್ರಿಗೂ ಬರುತ್ತದೆ. ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತಾಗಿರಲಿ.

ಸಕ್ಕರೆ ಕಾಯಿಲೆಗೆ ಸೆಮಾಗ್ಲುಟೈಡ್ ಮಾತ್ರೆ ತೆಗೆದುಕೊಳ್ಳುವ ಓದುಗರಿಗೆ ಇಲ್ಲಿ ಒಂದು ಮಾತು. ಅದನ್ನೂ ಖಾಲಿ ಹೊಟ್ಟೆಗೆ ಅರ್ಧ ಲೋಟಕ್ಕೆ ಮೀರದ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಬೇರೆ ಮಾತ್ರೆಯನ್ನೂ ಮುಟ್ಟದೆ ಇರಬೇಕು. ಥೈರಾಕ್ಸಿನ್ ಜೊತೆಗೆ ಸೇರಿಸಿ ನುಂಗಿದರೆ ರಕ್ತದಲ್ಲಿ ಥೈರಾಕ್ಸಿನ್ ಮೂರನೇ ಒಂದು ಭಾಗದಷ್ಟು ಹೆಚ್ಚಬಹುದು. ಅಂಥವರಿಗೆ ಥೈರಾಕ್ಸಿನ್ ರಾತ್ರಿಗೆ ಹಾಕುವುದೇ ನೇರವಾದ ದಾರಿ. ಥೈರಾಯ್ಡ್ ಇದ್ದವರು ಈ ಗುಂಪಿನ ಔಷಧಿ ತೆಗೆದುಕೊಳ್ಳಲೇಬಾರದು ಎಂಬ ಮಾತೂ ಹರಡಿದೆ. ಮೆಡುಲರಿ ಎಂಬ ಅಪರೂಪದ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಮನೆತನದಲ್ಲಿ ಇದ್ದವರಿಗೆ, ಅಂಥ ಕ್ಯಾನ್ಸರ್ ತರುವ ವಂಶವಾಹಿ ಕಾಯಿಲೆ ಇದ್ದವರಿಗೆ ಅದು ಕೂಡದು. ನಿಮ್ಮಂತೆ ಹಾರ್ಮೋನ್ ಕಡಿಮೆ ಇರುವವರಿಗೆ ಆ ನಿಷೇಧವಿಲ್ಲ.

ಮಾತ್ರೆಯ ಡಬ್ಬಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿ, ಬಚ್ಚಲಿನಲ್ಲಿ ಇಡಬೇಡಿ. ಬಿಸಿ, ತೇವ, ಬೆಳಕು ಮೂರೂ ಥೈರಾಕ್ಸಿನ್‌ಗೆ ಆಗುವುದಿಲ್ಲ. ಕಂಪನಿ ಪದೇ ಪದೇ ಬದಲಿಸುವುದೂ ಬೇಡ. ಒಂದು ದಿನ ಮರೆತರೆ ಮರುದಿನ ಎರಡು ಸೇರಿಸಿ ತೆಗೆದುಕೊಳ್ಳಬಹುದು, ಇದು ದೇಹದಲ್ಲಿ ಅರ್ಧ ಇಳಿಯಲು ಒಂದು ವಾರ ಬೇಕು. ಹೃದಯದ ತೊಂದರೆ ಇರುವವರು ಹಾಗೆ ಮಾಡುವ ಮೊದಲು ಕೇಳಬೇಕು. ಶುಗರ್ ಮಾತ್ರೆಗೆ ಈ ಲೆಕ್ಕವನ್ನು ಎಂದೂ ತರಬೇಡಿ. ಮರೆತ ಗ್ಲಿಮೆಪಿರೈಡ್ ಮರೆತದ್ದೇ.

ಈಗ 75 ಮಾಡಬೇಕೇ?

ಗ್ರಂಥಿ ಪೂರ್ತಿ ನಿಂತುಹೋದವರಿಗೆ ತೂಕದ ಪ್ರತಿ ಕೆ.ಜಿ.ಗೆ 1.6 ಮೈಕ್ರೋಗ್ರಾಂ ಬೇಕು, ನಿಮಗೆ ಆ ಲೆಕ್ಕದಲ್ಲಿ 105ರಷ್ಟು. ನಿಮ್ಮ ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದೆ, ಹಾಗಾಗಿ ಅದಕ್ಕಿಂತ ಕಡಿಮೆ ಸಾಕು. ಕೊನೆಗೆ 75 ಬೇಕಾಗಲೂಬಹುದು. ಹಾಗಾಗಿ ನಿಮ್ಮ ವೈದ್ಯರ ಸಲಹೆ ತಪ್ಪೆಂದು ನಾನು ಹೇಳುವುದಿಲ್ಲ. ಬೆಳಗಿನ ಕ್ರಮವನ್ನು ಅವರಿಗೆ ಹೇಳಿದ್ದೀರಾ ಎಂಬುದಷ್ಟೇ ನನ್ನ ಪ್ರಶ್ನೆ.

ಡೋಸನ್ನೂ ಕ್ರಮವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಈಗ 75 ಮಾಡಿಸಿಕೊಂಡು, ಆಮೇಲೆ ಈ ಉತ್ತರ ಓದಿ ಕಾಫಿ, ಕ್ಯಾಲ್ಸಿಯಂ ಸರಿಸಿದರೆ ಹಾರ್ಮೋನ್ ಅಗತ್ಯಕ್ಕಿಂತ ಮೇಲೆ ಹೋಗಬಹುದು. ಎದೆ ಡವಗುಟ್ಟುವುದು, ನಿದ್ದೆಗೆಡುವುದು, ನಾಡಿ ತಾಳ ತಪ್ಪುವುದು ಆಗ ಶುರುವಾಗುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿ ಮೂಳೆ ಸವೆಯುತ್ತದೆ, ಶುಗರೂ ಏರುತ್ತದೆ. ಒಂಬತ್ತು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೃದಯದ ರಕ್ತನಾಳದ ತೊಂದರೆ ಎದೆನೋವಿಲ್ಲದೆಯೂ ಇರಬಹುದು. ಇತ್ತೀಚೆಗೆ ಇಸಿಜಿ ಮಾಡಿಸಿಲ್ಲವಾದರೆ ಡೋಸ್ ಏರಿಸುವ ಮುನ್ನ ಮಾಡಿಸಿ.

ನನ್ನ ಸಲಹೆ ಇಷ್ಟು: 50 ಹಾಗೇ ಇರಲಿ, ಕ್ರಮ ಮಾತ್ರ ಬದಲಿಸಿ, ಎಂಟು ವಾರಕ್ಕೆ ಟಿಎಸ್‌ಎಚ್, ಫ್ರೀ ಟಿ4 ನೋಡಿಸಿ. ಆಗಲೂ 4ಕ್ಕಿಂತ ಮೇಲಿದ್ದರೆ ಏರಿಸಿ. ಇದರಲ್ಲಿರುವ ನಷ್ಟವೆಂದರೆ ಸುಸ್ತು ಇನ್ನೂ ಕೆಲವು ವಾರ ಇರಬಹುದು. ಆರು ವಾರಕ್ಕೆ ಮೊದಲು ಪರೀಕ್ಷೆ ಮಾಡಿಸಬೇಡಿ, ಪಿಟ್ಯುಟರಿ ಗ್ರಂಥಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ಇಲ್ಲದಿದ್ದರೆ ಟಿ4 ಕೆಲವು ಗಂಟೆ ಮೇಲೆ ಕಾಣುತ್ತದೆ. ಜ್ವರ ಬಂದಾಗ, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿರುವಾಗ, ಶುಗರ್ ವಿಪರೀತ ಏರಿರುವಾಗ ಮಾಡಿಸಿದ ಥೈರಾಯ್ಡ್ ರಿಪೋರ್ಟನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮೋಸ ಬಯೋಟಿನ್ ಎಂಬ ವಿಟಮಿನ್‌ನದು. ಕೂದಲಿನ ಮಾತ್ರೆಯಲ್ಲಿ ಅದು ಇರುವುದು ಹಲವರಿಗೆ ಗೊತ್ತು. ಶುಗರ್ ಇದ್ದವರಿಗೆ ಪಾದ ಉರಿಗೆ ಕೊಡುವ ಎಷ್ಟೋ ‘ನರದ ಮಾತ್ರೆ’ಗಳಲ್ಲೂ ಇರುತ್ತದೆ. ಹಲವು ಲ್ಯಾಬುಗಳ ಯಂತ್ರದಲ್ಲಿ ಇದು ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ತೋರಿಸುತ್ತದೆ. ಸ್ಟ್ರಿಪ್ಪಿನ ಹಿಂದೆ ಹೆಸರು ಓದಿ, ಇದ್ದರೆ ಪರೀಕ್ಷೆಗೆ ಮೂರು ದಿನ ಮೊದಲು ನಿಲ್ಲಿಸಿ.

ಎಲ್‌ಡಿಎಲ್ 148 ಕಂಡು ಅಟೊರ್ವಾಸ್ಟಾಟಿನ್ ಡೋಸ್ ಈಗಲೇ ಏರಿಸಬೇಕಿಲ್ಲ, ಬಿಡಲೂಬಾರದು. ಥೈರಾಯ್ಡ್ ಕಡಿಮೆಯಾದಾಗ ಯಕೃತ್ತು ಕೊಲೆಸ್ಟ್ರಾಲನ್ನು ರಕ್ತದಿಂದ ಸರಿಯಾಗಿ ತೆಗೆಯುವುದಿಲ್ಲ, ಟಿಎಸ್‌ಎಚ್ ಸರಿಹೋದರೆ ಅದೂ ಇಳಿಯುತ್ತದೆ. ಈ ಸ್ಥಿತಿಯಲ್ಲಿ ಸ್ಟಾಟಿನ್ ಡೋಸ್ ಹೆಚ್ಚಿದರೆ ತೊಡೆ, ತೋಳಿನ ಸ್ನಾಯು ನೋವು ಬರುವ ಸಾಧ್ಯತೆಯೂ ಹೆಚ್ಚು. ತೂಕದ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಥೈರಾಯ್ಡಿನಿಂದ ಏರುವುದು ಸಾಮಾನ್ಯವಾಗಿ ಮೂರರಿಂದ ಐದು ಕೆ.ಜಿ., ಅದರಲ್ಲಿ ಹೆಚ್ಚಿನದು ನೀರು. ಕೊಬ್ಬಿಗೆ ಊಟ, ನಡಿಗೆಯೇ ಮದ್ದು. ಟಿಎಸ್‌ಎಚ್ ಸರಿಹೋದ ಮೇಲೂ ಸುಸ್ತು ಉಳಿದರೆ ವಿಟಮಿನ್ ಬಿ12 ನೋಡಿಸಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಅದು ಕಡಿಮೆಯಾಗುತ್ತದೆ. ಮುಖದ ಊತಕ್ಕೆ ಥೈರಾಯ್ಡ್ ಒಂದನ್ನೇ ಹೊಣೆ ಮಾಡದೆ ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್ ಕೂಡ ಆಗಲಿ.

ಹಾರ್ಮೋನ್ ಹೆಚ್ಚಾದವರಿಗೆ

ಇದು ನಿಮ್ಮ ಸಮಸ್ಯೆಯಲ್ಲ, ಆದರೂ ಓದುವ ಇತರರಿಗಾಗಿ ಚಿಕ್ಕದಾಗಿ. ಥೈರಾಯ್ಡ್ ಹೆಚ್ಚಾದರೆ ಎಲ್ಲ ತಿರುಗುಮುರುಗು. ಸರಿಯಾಗಿ ತಿಂದರೂ ತೂಕ ಇಳಿಯುತ್ತದೆ, ಡೋಸ್ ಏರಿಸಿದರೂ ಶುಗರ್ ಬಗ್ಗುವುದಿಲ್ಲ. ತೂಕ ಇಳಿದದ್ದಕ್ಕೆ ಶುಗರೇ ಕಾರಣ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವುದುಂಟು. ಕೂತಲ್ಲೇ ನಾಡಿ ನೂರು ದಾಟುವುದು, ಕೈ ಬೆರಳ ಸಣ್ಣ ನಡುಕ ಇದ್ದರೆ ಟಿಎಸ್‌ಎಚ್ ನೋಡಿಸಿ. ನಡುಕ ತಗ್ಗಿಸಲು ಕೊಡುವ ಪ್ರೊಪ್ರಾನೊಲಾಲ್, ಶುಗರ್ ಕುಸಿದಾಗಿನ ನಡುಕ, ಎದೆಬಡಿತವನ್ನೂ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಬರುತ್ತದೆ, ಅದನ್ನೇ ಸೂಚನೆಯೆಂದು ತಿಳಿಯಬೇಕು. ಕಣ್ಣುಗುಡ್ಡೆ ಮುಂದೆ ಬಂದಿರುವವರಿಗೆ ಪಿಯೊಗ್ಲಿಟಜೋನ್ ಎಂಬ ಶುಗರ್ ಮಾತ್ರೆ ಆಗದು, ಕಣ್ಣಿನ ತೊಂದರೆ ಹೆಚ್ಚುತ್ತದೆ.

ನಿಮ್ಮ ತಂಗಿಯ ಮಗಳು

ಅವಳಿಗೆ ಖಂಡಿತ ಮಾಡಿಸಬೇಕು, ಲಕ್ಷಣ ಇರಲಿ ಬಿಡಲಿ. ಟೈಪ್ 1 ಇರುವವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಥೈರಾಯ್ಡಿನ ಸ್ವಯಂನಿರೋಧಕ ಕಾಯಿಲೆ ಕಾಣುತ್ತದೆ, ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ ಪತ್ತೆಯಾಗಿ ಶುಗರ್ ಹಿಡಿತಕ್ಕೆ ಬಂದ ಕೂಡಲೇ ಟಿಎಸ್‌ಎಚ್, ಆಂಟಿ ಟಿಪಿಒ ಎರಡೂ ಆಗಬೇಕಿತ್ತು. ಆಗಿಲ್ಲದಿದ್ದರೆ ಈಗ ಮಾಡಿಸಿ. ಸರಿಯಿದ್ದರೆ ಒಂದೆರಡು ವರ್ಷಕ್ಕೊಮ್ಮೆ ಟಿಎಸ್‌ಎಚ್ ಸಾಕು. ಆಂಟಿಬಾಡಿ ಪಾಸಿಟಿವ್ ಬಂದು ಟಿಎಸ್‌ಎಚ್ ಸರಿಯಿದ್ದರೆ ಮಾತ್ರೆ ಬೇಡ, ಆರು ತಿಂಗಳಿಗೋ ವರ್ಷಕ್ಕೋ ಟಿಎಸ್‌ಎಚ್ ನೋಡುತ್ತಿರಬೇಕು. ಗೋಡೆಗೆ ಗೆರೆ ಹಾಕಿಯಾದರೂ ಸರಿ, ಅವಳ ಎತ್ತರ ಬರೆದಿಡಲು ತಂಗಿಗೆ ಹೇಳಿ. ಬೆಳವಣಿಗೆ ನಿಂತದ್ದು, ಮುಟ್ಟು ಏರುಪೇರಾದದ್ದು, ಕುತ್ತಿಗೆಯ ಮುಂದೆ ಊದಿದ್ದು, ಕಾರಣವಿಲ್ಲದೆ ಶುಗರ್ ಪದೇ ಪದೇ ಕುಸಿದದ್ದು ಇವುಗಳಲ್ಲಿ ಯಾವುದಿದ್ದರೂ ವರ್ಷ ಕಾಯಬೇಡಿ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆಯನ್ನೂ ಜೊತೆಗೇ ಕೇಳಿ. ಅದು ಟೈಪ್ 1 ಮಕ್ಕಳಲ್ಲಿ ಹೆಚ್ಚು, ಇದ್ದರೆ ಥೈರಾಕ್ಸಿನ್ ಹೀರುವುದೂ ಕೆಡುತ್ತದೆ.

ಅವಳ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನು ತಂಗಿಗೆ ತಪ್ಪದೆ ತಿಳಿಸಿ. ಟೈಪ್ 1 ಮಕ್ಕಳಲ್ಲಿ ಅಪರೂಪಕ್ಕೆ ಕಿಡ್ನಿಯ ಮೇಲಿರುವ ಅಡ್ರೀನಲ್ ಗ್ರಂಥಿಯೂ ಹೀಗೆಯೇ ಸವೆಯುತ್ತದೆ. ಅಡಿಸನ್ ಕಾಯಿಲೆ ಎಂದು ಇದರ ಹೆಸರು. ಇನ್ಸುಲಿನ್ ಅಗತ್ಯ ದಿನೇ ದಿನೇ ಇಳಿಯುವುದು, ಎದ್ದು ನಿಂತರೆ ತಲೆಸುತ್ತು, ಉಪ್ಪು ತಿನ್ನುವ ಚಪಲ, ವಾಂತಿ, ತೂಕ ಇಳಿಕೆ, ಅಂಗೈ ಗೆರೆಗಳು ಮತ್ತು ವಸಡು ಕಪ್ಪಾಗುವುದು ಇದರ ಗುರುತು. ಈ ಕಾಯಿಲೆಯಲ್ಲಿ ಟಿಎಸ್‌ಎಚ್ ಕೂಡ ಸ್ವಲ್ಪ ಮೇಲೆ ಕಾಣುವುದರಿಂದ ಥೈರಾಯ್ಡ್ ಎಂದುಕೊಂಡು ಥೈರಾಕ್ಸಿನ್ ಕೊಟ್ಟುಬಿಡುವ ಸಂಭವವಿದೆ. ಹಾಗೆ ಕೊಟ್ಟರೆ ದೇಹದಲ್ಲಿ ಅಳಿದುಳಿದ ಕಾರ್ಟಿಸೋಲ್ (ಅಡ್ರೀನಲ್ ಗ್ರಂಥಿಯ ಹಾರ್ಮೋನ್) ಬೇಗ ಖರ್ಚಾಗಿ ಜೀವಕ್ಕೇ ಅಪಾಯವಾಗುತ್ತದೆ. ಮೇಲಿನ ಗುರುತುಗಳಲ್ಲಿ ಯಾವುದಾದರೂ ಕಂಡರೆ ಥೈರಾಕ್ಸಿನ್‌ನ ಮೊದಲ ಮಾತ್ರೆಗಿಂತ ಮುಂಚೆ ಬೆಳಗ್ಗೆ ಎಂಟು ಗಂಟೆಯ ಕಾರ್ಟಿಸೋಲ್ ಪರೀಕ್ಷೆ ಆಗಬೇಕು. ಮಗು ವಾಂತಿಯಾಗಿ ಮಂಕಾಗಿ ಮಲಗಿದ್ದರೆ ರಿಪೋರ್ಟಿಗೆ ಕಾಯುತ್ತ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಅಲ್ಲಿ ಅಡಿಸನ್ ಶಂಕೆಯನ್ನು ಬಾಯಿಬಿಟ್ಟು ಹೇಳಬೇಕು.